ಸತು ಕರಗುವಾಗ ಕಣ್ಣು ಜೋಪಾನ

ಮಲಪ್ರಭೆಯ ದಡದ ಹೊಳೆಆಲೂರಿರಲಿ, ರೋಣವಿರಲಿ, ಹತ್ತನೇ ತರಗತಿಯ ಮಕ್ಕಳು ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲಿ ಈ ಪ್ರಯೋಗಕ್ಕೆ ಬಂದೇ ಬರುತ್ತಾರೆ: ಪ್ರನಾಳದಲ್ಲಿ ಸತುವಿನ ಕೆಲವು ಚೂರು, 2 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ದ್ರಾವಣ, ಸ್ವಲ್ಪ ಬಿಸಿ.

ಮೊದಲು ಏನೂ ಆಗದು. ಮಕ್ಕಳು ಆಕಳಿಸುವ ಹೊತ್ತಿಗೆ ಚೂರುಗಳ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಹೈಡ್ರೋಜನ್. ಉರಿಯುವ ಕಡ್ಡಿ ತಂದರೆ 'ಪಟ್' ಎನ್ನುತ್ತದೆ. ದ್ರಾವಣದಲ್ಲಿ ಸೋಡಿಯಂ ಜಿಂಕೇಟ್ ಉಳಿಯುತ್ತದೆ. ತಾಮ್ರದ ಚೂರು ಹಾಕಿ ನೋಡಿ, ಜಪ್ಪಯ್ಯ ಅಂದರೂ ಗುಳ್ಳೆ ಏಳದು. ಅಲ್ಯೂಮಿನಿಯಂ ಮಾತ್ರ ಸತುವಿನ ಜಾತಿಯದೇ. ಮನೆಗೆ ಬಳಿಯುವ ಸುಣ್ಣವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿಟ್ಟರೆ ಪಾತ್ರೆ ಸವೆಯುವುದೂ ಇದೇ ಕಾರಣಕ್ಕೆ.

ಆಮ್ಲ ಎಂದರೆ ಬೆಚ್ಚುವ ನಾವು ಕಾಸ್ಟಿಕ್ ಸೋಡಾವನ್ನು ಸೋಪಿನ ನೀರಿನಂತೆ ಕಾಣುತ್ತೇವೆ. ಅದೇ ತಪ್ಪು. ಕಣ್ಣಿಗೆ ಅದು ಅನೇಕ ಆಮ್ಲಗಳಿಗಿಂತ ಕೆಟ್ಟದ್ದು. ಒಳಒಳಗೇ ಇಳಿಯುತ್ತ ಹೋಗುತ್ತದೆ.

ದ್ರಾವಣ ಮಾಡುವಾಗ ಸೋಡಾ ಬಿಲ್ಲೆಯನ್ನು ನೀರಿಗೆ ಒಂದೊಂದಾಗಿ ಹಾಕಬೇಕು, ಬಿಲ್ಲೆಯ ಮೇಲೆ ನೀರು ಸುರಿಯಬಾರದು. ಮಿಶ್ರಣ ತಾನಾಗಿಯೇ ಕೈ ಸುಡುವಷ್ಟು ಕಾಯುತ್ತದೆ. ಬಿಸಿ ಮಾಡುವಾಗ ಪ್ರನಾಳದ ಬಾಯಿ ಯಾರ ಮುಖದ ಕಡೆಗೂ ಬೇಡ, ಬಿಗಿಯಾದ ಬಿರಡೆಯಂತೂ ಬೇಡವೇ ಬೇಡ. ಅಲ್ಯೂಮಿನಿಯಂ ಹಾಳೆ ಹಾಕುವ ಉಮೇದು ಬಂದರೆ ಚೂರು ಉಗುರಿನಷ್ಟೇ ಇರಲಿ, ಏಕೆಂದರೆ ಅದು ಸತುವಿಗಿಂತ ಜೋರಾಗಿ ಉಕ್ಕುತ್ತದೆ.

ಕನ್ನಡಕ ಮೇಷ್ಟ್ರಿಗೂ ಬೇಕು. ಹನಿ ಕಣ್ಣಿಗೆ ಸಿಡಿದರೆ ನಿಂಬೆರಸ, ವಿನಿಗರ್ ಹುಡುಕುತ್ತ ಕೂರಬೇಡಿ. ರೆಪ್ಪೆ ಬಿಡಿಸಿ, ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇರಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಲ್ಲಿ ಇಲ್ಲದ ಕೋಣೆಯಾದರೆ ತುಂಬಿದ ಕೊಡವೊಂದನ್ನು ಮೊದಲೇ ತಂದಿಟ್ಟುಕೊಳ್ಳಿ.