ಬೇರು ಗಟ್ಟಿಯಿದ್ದರೆ ಬಳ್ಳಿ



ಫ್ರಾನ್ಸಿನ ಬರ್ಗಂಡಿಯ ರೊಮಾನೆ-ಕೊಂಟಿ ಹಿಂದೆ ಸನ್ಯಾಸಿ ಮಠದ್ದಾಗಿದ್ದ ದ್ರಾಕ್ಷಿ ತೋಟ. ವಿಸ್ತೀರ್ಣ ಸುಮಾರು ನಾಲ್ಕೂವರೆ ಎಕರೆ ಮಾತ್ರ; ಅದರ ದ್ರಾಕ್ಷಾರಸವೋ ಲೋಕದ ಅತಿ ದುಬಾರಿಗಳಲ್ಲಿ ಒಂದು.

1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಹೆಚ್ಚಿನ ರೈತರು ಹೇನು ತಾಳುವ ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿದರು. ಈ ತೋಟದವರು ಮಾತ್ರ ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಹಾಕುತ್ತ ಹಳೆಯ ಬಳ್ಳಿಯನ್ನೇ ಉಳಿಸಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಔಷಧಿ ಸಿಗದೆ ಬಳ್ಳಿ ಸೊರಗಿತು. 1945ರ ಕೊಯ್ಲಿನ ನಂತರ ಎಲ್ಲವನ್ನೂ ಕಿತ್ತು ಕಸಿಗಿಡ ನೆಟ್ಟರು. 1946ರಿಂದ 1951ರವರೆಗೆ ಆರು ವರ್ಷ ಆ ತೋಟದ ದ್ರಾಕ್ಷಾರಸವೇ ಇಲ್ಲ!

ಈಗ ಅಲ್ಲಿ ರಾಸಾಯನಿಕ ಗೊಬ್ಬರವಿಲ್ಲ. ಮಣ್ಣು ಗಟ್ಟಿಯಾಗದಂತೆ ಉಳಲು ಕುದುರೆಗಳೂ ಇವೆ.

ಸೊಲ್ಲಾಪುರ, ಜತ್ತದ ಕಡೆ ಬರ, ಉಪ್ಪುನೀರು ತಾಳಲೆಂದು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುವುದೂ ಇದೇ ಪಾಠ. ಔಷಧಿಗೆ ಹಣ ಸುರಿಯುವ ಮೊದಲು ಬೇರನ್ನೂ ಮಣ್ಣನ್ನೂ ನೋಡಿರಿ.