ಗೇಟ್ ಬಿದ್ದ ಹೊತ್ತು

ನನ್ನೂರು ಜಿನನಾಥಪುರ. ಶ್ರವಣಬೆಳಗೊಳದ ಚಿಕ್ಕಬೆಟ್ಟ ದಾಟಿದರೆ ಸಿಗುವ ಹಳ್ಳಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ್ದು. ನಾನು ಹುಡುಗನಾಗಿದ್ದಾಗ ಆ ಕಡೆ ಹಳಿಯೇ ಇರಲಿಲ್ಲ. 1981ರ ಫೆಬ್ರವರಿಯಲ್ಲಿ ಬಾಹುಬಲಿಗೆ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆದಾಗ, ಉತ್ತರದಿಂದ ಬಂದ ಯಾತ್ರಿಕರು ಹಾಸನದಲ್ಲೋ ಅರಸೀಕೆರೆಯಲ್ಲೋ ಇಳಿದು ಬಸ್ಸು ಹಿಡಿಯುತ್ತಿದ್ದರು. ಆಗ ನಾನು ಹಾಸನದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಏನೋ ತರಲು ಕಳಿಸಿದ್ದರು. ಹಾಸನದ ಊರೊಳಗಿನ ರೈಲ್ವೆ ಗೇಟು ಬಿದ್ದಿತ್ತು. ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ ನಿಂತೆ. ಕುತ್ತಿಗೆಯಲ್ಲಿ ಕ್ಯಾಮೆರಾ, ರೀಲಿನಲ್ಲಿ ಉಳಿದಿದ್ದು ಒಂದೇ ಫ್ರೇಮು. ಅರಸೀಕೆರೆ ಕಡೆಯಿಂದ ವೈಪಿ ಹಬೆ ಇಂಜಿನ್ನು ಬಂತು. ಕಿಟಕಿ ತುಂಬ ಬಿಳಿ ಸೆರಗು, ಬಾಗಿಲಲ್ಲಿ ಜೋತುಬಿದ್ದವರ ಕೈ. ಒತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ಅದೇ ಊರಿನ ಗೇಟಿನ ಬಳಿ ನಿಂತು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಮೊದಲು ಗೇಟನ್ನು ಕಲಿಯಬೇಕು

ಗಾಡಿ ಯಾವಾಗ ಬರುತ್ತದೆ ಎಂದು ವೇಳಾಪಟ್ಟಿ ನೋಡಿ ನಿಂತರೆ ಕೆಲಸ ಕೆಡುತ್ತದೆ. ಗೂಡ್ಸ್ ಗಾಡಿಗೆ ವೇಳಾಪಟ್ಟಿಯೇ ಇಲ್ಲ. ಗೇಟಿನ ಮನೆಯ ಒಳಗಿನ ಟೆಲಿಫೋನಿಗೆ ಕಿವಿ ಕೊಡಬೇಕು. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಗಾಡಿಯ ಸುದ್ದಿ ಹೇಳುತ್ತಾರೆ. ಗೇಟ್‌ಮನ್ ಗೇಟು ಹಾಕಿ, ಹಾಕಿದ್ದೇನೆ ಎಂಬುದಕ್ಕೆ ಪ್ರೈವೇಟ್ ನಂಬರ್ ಹೇಳಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಎರಡಂಕಿ ಬಾಯಿಂದ ಹೊರಬಿತ್ತೆಂದರೆ ಕ್ಯಾಮೆರಾ ಚೀಲದಿಂದ ಹೊರಬರಬೇಕು. ಆಮೇಲೆ ದೂರದಲ್ಲಿ ಕೂಗು. ಗೇಟಿಗೆ ಮುಂಚೆ ಹಳಿಯ ಪಕ್ಕ ಒಂದು ಹಳದಿ ಹಲಗೆ ಇರುತ್ತದೆ, ಮೇಲೆ ‘ಡಬ್ಲ್ಯೂ/ಎಲ್’ ಅಂತಲೋ ‘ಸೀ/ಫಾ’ ಅಂತಲೋ ಬರೆದಿರುತ್ತದೆ. ಗೇಟು ಬಂತು, ಕೂಗು ಹಾಕು ಎಂದು ಡ್ರೈವರಿಗೆ ಹೇಳುವ ಹಲಗೆ ಅದು. ಕೂಗು ಕೇಳಿದ ಮೇಲೆ ಗಾಡಿ ನನ್ನ ಕಲ್ಲಿನ ಹತ್ತಿರ ಬರುವವರೆಗೆ ಎಷ್ಟು ಎಣಿಸಬಹುದೆಂದು ತಿಂಗಳುಗಟ್ಟಲೆ ಎಣಿಸಿದ್ದೇನೆ. ಹಬೆ ಇಂಜಿನ್ನಿಗೆ ಒಂದು ಲೆಕ್ಕ, ಡೀಸೆಲ್ಲಿಗೆ ಬೇರೆ, ತುಂಬಿದ ಗೂಡ್ಸಿಗೆ ಇನ್ನೊಂದು. ಕಣ್ಣಿಗೆ ಕಾಣುವ ಮೊದಲೇ ಕಿವಿ ಹೇಳಿಬಿಡುತ್ತದೆ.

2. ಜಾಗ ಬದಲಿಸಬಾರದು

ಗೇಟಿನ ಮನೆಯ ಪಕ್ಕ, ಬೇಲಿಯಿಂದ ಈಚೆಗೆ ಒಂದು ಚಪ್ಪಟೆ ಕಲ್ಲಿತ್ತು. ನಾನು ನಿಂತದ್ದು ಅದರ ಮೇಲೆ. ಶುರುವಿನಲ್ಲಿ ಬೇಜಾರಾಗುತ್ತಿತ್ತು, ಅದೇ ಹಳಿ, ಅದೇ ಕಂಬ. ಎಷ್ಟೋ ವರ್ಷ ಕಳೆದ ಮೇಲೆ ಹಳೆಯ ಚಿತ್ರಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿದಾಗ ಮೈ ಜುಮ್ಮೆಂದಿತು. ಚೌಕಟ್ಟು ಅಲ್ಲಾಡದಿದ್ದರೆ ಒಳಗಿನದೆಲ್ಲ ಅಲ್ಲಾಡುವುದು ಕಾಣುತ್ತದೆ.

ಮೊದಲ ಸಾಲಿನಲ್ಲಿ ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರದ ಮೀಟರ್ ಗೇಜ್. ಮೈಸೂರು–ಅರಸೀಕೆರೆ ಪ್ಯಾಸೆಂಜರಿಗೆ ಹಬೆ ಇಂಜಿನ್ನು, 1979ರಲ್ಲಿ ತೆರೆದ ಮಂಗಳೂರು ದಾರಿಗೆ ವೈಡಿಎಂ-4 ಡೀಸೆಲ್ಲು. ಆಮೇಲೆ 1990ರ ದಶಕದ ನಡುವೆ, ಹಳಿ ಕಿತ್ತು ಜಲ್ಲಿ ಮಾತ್ರ ಉಳಿದ ಚಿತ್ರ. ಆಮೇಲೆ 1,676 ಮಿಲಿಮೀಟರಿನ ಬ್ರಾಡ್ ಗೇಜ್. ಗಾಡಿ ದೊಡ್ಡದಾಯಿತು, ಅದೇ ಲೆನ್ಸಿನಲ್ಲಿ ಇಂಜಿನ್ನಿನ ನೆತ್ತಿ ಚೌಕಟ್ಟಿನ ಮೇಲಂಚಿಗೆ ತಾಗತೊಡಗಿತು. ಮಂಗಳೂರು ದಾರಿ 1996ರಲ್ಲಿ ಮುಚ್ಚಿ, ಗೂಡ್ಸಿಗೆ ತೆರೆದದ್ದು 2006ರಲ್ಲಿ, ಪ್ರಯಾಣಿಕರಿಗೆ 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರಿನ ಮಕ್ಕಳು ಹಾಸನದಿಂದ ಮಂಗಳೂರಿಗೆ ರೈಲಿದೆ ಎಂದರೆ ನಂಬುತ್ತಿರಲಿಲ್ಲ.

ಆಮೇಲಿನ ಚಿತ್ರಗಳಲ್ಲಿ ಕೆಂಪು ಬಂತು. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಹೊತ್ತು ಮಂಗಳೂರು ಬಂದರಿಗೆ ಹೋಗುವ ಗಾಡಿಗಳು, ಮುಂದೆ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಇಂಜಿನ್ನು. ಗೇಟಿನ ಗೋಡೆ, ಬೇಲಿಯ ಎಲೆ, ಕೊನೆಗೆ ನನ್ನ ಕಲ್ಲೂ ಕೆಂಪಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮುಂದಿನ ಮಳೆಗಾಲಗಳಲ್ಲಿ ಆ ಧೂಳು ತೊಳೆದುಹೋಗುತ್ತ ಬಂತು. ನಾನು ಗಣಿಯ ಬಗ್ಗೆ ಒಂದು ಚಿತ್ರವನ್ನೂ ತೆಗೆದವನಲ್ಲ. ಆದರೆ ಅದರ ಏರಿಳಿತ ನನ್ನ ರೀಲುಗಳಲ್ಲಿ ಬಣ್ಣವಾಗಿ ಕೂತಿದೆ.

3. ಬೆಳಕು ಪಕ್ಕದಿಂದ ಬರಲಿ

ಇದನ್ನು ನನಗೆ ಕಲಿಸಿದ್ದು ನನ್ನೂರಿನ ಶಾಂತಿನಾಥ ಬಸದಿ. ಸುಮಾರು 1200ರ ಹೊತ್ತಿಗೆ ದಂಡನಾಯಕ ರೇಚಣ ಕಟ್ಟಿಸಿದ್ದು. ಸುತ್ತಮುತ್ತಲ ಬಸದಿಗಳ ಹೊರಗೋಡೆ ಬಹುತೇಕ ಬರಿದು, ಇದರ ಗೋಡೆಯಲ್ಲಿ ಮಾತ್ರ ಯಕ್ಷಿಯರು, ನರ್ತಕಿಯರು, ವಾದ್ಯ ಹಿಡಿದವರು. ನಡುಮಧ್ಯಾಹ್ನ ಹೋಗಿ ನೋಡಿ, ಬಳಪದ ಕಲ್ಲು ಬೂದಿಯ ಹಾಗೆ ಕಾಣುತ್ತದೆ. ಸಂಜೆ ಬಿಸಿಲು ಓರೆಯಾಗಿ ಗೋಡೆಯನ್ನು ಸವರಿಕೊಂಡು ಹೋಗುವಾಗ ಬಳೆ ಬಳೆಯೂ ಎದ್ದು ನಿಲ್ಲುತ್ತದೆ. ಅರ್ಧಕ್ಕೆ ಬಿಟ್ಟ ಶಿಲ್ಪಗಳಲ್ಲಿ ಉಳಿಯ ಗೀರೂ ಕಾಣುತ್ತದೆ. ಚಿಕ್ಕಂದಿನಲ್ಲಿ ಆ ಜಗಲಿಯಲ್ಲಿ ಆಡುತ್ತ ನೋಡಿದ್ದು, ಕ್ಯಾಮೆರಾ ಹಿಡಿದ ಮೇಲೆ ಅರ್ಥವಾಯಿತು.

ಹಬೆ ಇಂಜಿನ್ನೂ ಅಷ್ಟೇ. ಕಪ್ಪು ಕಬ್ಬಿಣ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಕಪ್ಪು ಗೋಡೆಯಾಗುತ್ತದೆ. ಬೆಳಗ್ಗೆ ಏಳೂವರೆಯ ಬಿಸಿಲು ಪಕ್ಕದಿಂದ ಬಿದ್ದರೆ ಬಾಯ್ಲರಿನ ಮೇಲಿನ ಒಂದೊಂದು ರಿವೆಟ್ಟಿಗೂ ಒಂದು ಹೊಳಪು, ಒಂದು ನೆರಳು. ಆಗ ನಾನು ಹಾಕುತ್ತಿದ್ದುದು 125 ಎಎಸ್‌ಎ ಓರ್ವೊ ರೀಲು. ಲೆಕ್ಕದ ಪ್ರಕಾರ ಬಿಸಿಲಿಗೆ 1/250 ಸೆಕೆಂಡು, ಎಫ್ 11. ಇಂಜಿನ್ನಿನ ಕಪ್ಪಿಗಾಗಿ ಒಂದು ಸ್ಟಾಪ್ ತೆರೆದು ಎಫ್ 8 ಇಡುತ್ತಿದ್ದೆ. ಆಕಾಶ ಸ್ವಲ್ಪ ಬೆಳ್ಳಗಾದರೂ ಚಿಂತೆಯಿಲ್ಲ, ಕಬ್ಬಿಣ ಉಳಿಯಬೇಕು.

4. ನಿಮ್ಮ ಕ್ಯಾಮೆರಾ ಹೇಳುವ ಸುಳ್ಳು ಗೊತ್ತಿರಲಿ

ಯಾಶಿಕಾ ಮ್ಯಾಟ್ ಹಿಡಿದವರಿಗೆ ಇದು ಗೊತ್ತು. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಗಾಜಿನೊಳಗೆ ಬಗ್ಗಿ ನೋಡಬೇಕು. ಗಾಜಿನಲ್ಲಿ ಎಡಬಲ ಅದಲುಬದಲು. ಎಡದಿಂದ ಬರುವ ಗಾಡಿ ಗಾಜಿನಲ್ಲಿ ಬಲದಿಂದ ನುಗ್ಗುತ್ತದೆ. ಗಾಡಿಯ ಜೊತೆ ಕ್ಯಾಮೆರಾ ತಿರುಗಿಸಲು ಹೋದರೆ ಕೈ ತಪ್ಪು ದಿಕ್ಕಿಗೆ ಓಡುತ್ತದೆ. 12 ಫ್ರೇಮಿನ ರೀಲಿನಲ್ಲಿ ನನ್ನ ಮೊದಮೊದಲಿನ ನಾಲ್ಕೈದು ಹೀಗೇ ಹೋದವು, ಒಂದರಲ್ಲಿ ಬರೀ ಹೊಗೆ, ಇನ್ನೊಂದರಲ್ಲಿ ಗಾರ್ಡಿನ ಡಬ್ಬಿಯ ಮೂಲೆ.

ಆಮೇಲೆ ಕಂಡುಕೊಂಡದ್ದು ಇಷ್ಟು: ರಸ್ತೆ ಹಳಿಯನ್ನು ದಾಟುವ ಅಂಚಿನಲ್ಲಿರುವ ಸ್ಲೀಪರಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಬೇಕು. ತಲೆ ಎತ್ತಿ ಬರಿಗಣ್ಣಿನಲ್ಲಿ ಗಾಡಿ ನೋಡಬೇಕು. ಇಂಜಿನ್ನಿನ ಮೂತಿ ಆ ಸ್ಲೀಪರಿಗೆ ಬಂದ ಕ್ಷಣ ಒತ್ತಬೇಕು. ಇವತ್ತು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾ ನನ್ನ ಹತ್ತಿರವೂ ಇದೆ. ಈಗಲೂ ಸ್ಲೀಪರ್ ನೋಡಿಯೇ ಒತ್ತುತ್ತೇನೆ.

5. ಕಡೆಯ ಗಾಡಿ ಹೇಳಿ ಹೋಗುವುದಿಲ್ಲ

ನಮ್ಮ ಗೇಟಿನಲ್ಲಿ ಹಬೆ ಇಂಜಿನ್ನಿನ ಕೊನೆಯ ದಿನ ಯಾವುದೆಂದು ನನ್ನ ರೀಲುಗಳಲ್ಲಿ ಇಲ್ಲ. ಆ ತಿಂಗಳು ಮದುವೆಯ ಸೀಸನ್. ದಿನಾ ಬರುವ ಗಾಡಿ, ಮುಂದಿನ ವಾರ ತೆಗೆದರಾಯಿತು ಎಂದುಕೊಂಡೆ. ಮುಂದಿನ ವಾರ ಡೀಸೆಲ್ಲು ಬಂತು, ಅದರ ಮರುದಿನವೂ ಡೀಸೆಲ್ಲು. ಗೇಟ್‌ಮನ್‌ಗೆ ಕೇಳಿದರೆ, ‘ಆ ಕರಿಯ ಇನ್ನ ಬರಲ್ಲ ಸ್ವಾಮಿ’ ಅಂದರು. ಅವತ್ತು ಆದ ಸಂಕಟ ಇನ್ನೂ ಇದೆ.

ಅಮೆರಿಕದ ಓ. ವಿನ್ಸ್‌ಟನ್ ಲಿಂಕ್ ಎಂಬ ಛಾಯಾಗ್ರಾಹಕ 1955ರಲ್ಲೇ ಎಚ್ಚೆತ್ತುಕೊಂಡ. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯಲ್ಲಿ ಹಬೆ ಮುಗಿಯುತ್ತಿದೆ ಎಂದು ತಿಳಿದು, ಐದಾರು ವರ್ಷ ಸ್ವಂತ ಖರ್ಚಿನಲ್ಲಿ, ರಾತ್ರಿಯ ಹೊತ್ತು ಸಾಲುಸಾಲು ಫ್ಲಾಷ್ ಬಲ್ಬು ಉರಿಸಿ ತೆಗೆದ. ಅವನ ಎಷ್ಟೋ ಚಿತ್ರಗಳಲ್ಲಿ ರೈಲಿನ ಮುಂದೆ ಯಾರೋ ಇದ್ದಾರೆ, ಈಜುವ ಮಕ್ಕಳು, ಕಾರಿನಲ್ಲಿ ಕೂತ ಜೋಡಿ. ಅವನ್ನು ನಾನು ನೋಡಿದ್ದು ತುಂಬ ತಡವಾಗಿ. ಮೊದಲೇ ನೋಡಿದ್ದರೆ ಮುಂದಿನ ಪಾಠ ಕಲಿಯಲು ಅಷ್ಟು ವರ್ಷ ಬೇಕಾಗುತ್ತಿರಲಿಲ್ಲ.

6. ಗಾಡಿಗೆ ಬೆನ್ನು ತಿರುಗಿಸಿ

ಗೇಟು ಬಿದ್ದಾಗ ಊರು ನಿಲ್ಲುತ್ತದೆ. ಐದು ನಿಮಿಷ, ಒಮ್ಮೊಮ್ಮೆ ಹದಿನೈದು. ಆಲೂಗಡ್ಡೆ ಮೂಟೆ ಹೇರಿದ ಗಾಡಿ, ಎತ್ತಿನ ಬಾಯಿಯ ನೊರೆ. ಅರಕಲಗೂಡಿನ ಹಳ್ಳಿಯಿಂದ ಮದುವೆ ಜವಳಿಗೆ ಬಂದ ಹೆಂಗಸರು. ತಡವಾಯಿತೆಂದು ಕುಣಿಯುವ ಶಾಲೆಯ ಹುಡುಗ, ತಡವಾದದ್ದಕ್ಕೆ ಖುಷಿಪಡುವ ಇನ್ನೊಬ್ಬ. ಸಿಟ್ಟಿನವರೂ ಇಂಜಿನ್ನು ಹತ್ತಿರ ಬಂದಾಗ ಒಂದು ಗಳಿಗೆ ಮಕ್ಕಳಾಗುತ್ತಾರೆ. ಕಣ್ಣು ಅರಳುತ್ತದೆ, ಬಾಯಿ ತೆರೆಯುತ್ತದೆ. ಆ ಗಳಿಗೆ ಸಿಗಬೇಕಾದರೆ ಗಾಡಿಗೆ ಬೆನ್ನು ಹಾಕಬೇಕು.

ನನ್ನ ಅತಿ ಒಳ್ಳೆಯ ಚಿತ್ರದಲ್ಲಿ ರೈಲೇ ಇಲ್ಲ. 1988ರ ಶ್ರಾವಣ, ಜಿನುಗು ಮಳೆ. ಕೂಸನ್ನು ಸೊಂಟದಲ್ಲಿಟ್ಟುಕೊಂಡ ತಾಯಿ, ತಲೆಗೆ ಗೋಣಿಕೊಪ್ಪೆ. ಕೂಸು ಗೇಟಿನ ಕೆಂಪು ಬಿಳಿ ಪಟ್ಟಿಯ ಕಂಬಕ್ಕೆ ಅಂಗೈ ಒತ್ತಿದೆ. ಗಾಡಿ ಹೋಗುವಾಗ ಆ ಕಂಬ ಸಣ್ಣಗೆ ನಡುಗುತ್ತದೆ, ಮುಟ್ಟಿ ನೋಡಿದವರಿಗೆ ಗೊತ್ತು. ಆ ನಡುಕ ಕೂಸಿನ ಮುಖದಲ್ಲಿದೆ. ಹಿಂದೆ ರಸ್ತೆಯ ನೀರಿನಲ್ಲಿ ಬೋಗಿಗಳ ಕಿಟಕಿಯ ಬೆಳಕು ಸಾಲಾಗಿ ಹಾದುಹೋಗಿದೆ.

7. ಗೇಟಿನಾಚೆ ಕಾಲಿಡಬೇಡಿ

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಆರು ತಿಂಗಳವರೆಗೆ ಸಜೆ ಆಗಬಹುದು. ಸಜೆಯ ಮಾತು ಬಿಡಿ. ಎದುರಿನಿಂದ ಬರುವ ಗಾಡಿಯ ವೇಗ ಕ್ಯಾಮೆರಾದ ಗಾಜಿನಲ್ಲಿ ತಿಳಿಯುವುದೇ ಇಲ್ಲ, ದೂರದಲ್ಲೇ ಇದೆ ಅನ್ನಿಸುತ್ತಿರುತ್ತದೆ. ಹಬೆ ಇಂಜಿನ್ನು ಊರಿಗೆಲ್ಲ ಸಾರಿಕೊಂಡು ಬರುತ್ತಿತ್ತು. ಈಗಿನ ವಿದ್ಯುತ್ ಇಂಜಿನ್ನು ಸದ್ದಿಲ್ಲದೆ ಬರುತ್ತದೆ, ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಸೆಲ್ಫಿ ಕೋಲು ಎತ್ತಿದ ಹುಡುಗರನ್ನು ಎಷ್ಟೋ ಸಲ ಕೈಹಿಡಿದು ಈಚೆಗೆ ಎಳೆದಿದ್ದೇನೆ. ಬೇಲಿಯೀಚೆ ನಿಂತು ಸಿಗದ ಚಿತ್ರ ನಮ್ಮದಲ್ಲ.

8. ಗಾಡಿ ಬಾರದ ದಿನವೂ ಹೋಗಿ

2018ರ ಆಗಸ್ಟಿನಲ್ಲಿ ಘಟ್ಟ ಕುಸಿದಾಗ, ಮತ್ತೆ 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಮಣ್ಣು ಜರಿದಾಗ, ಮಂಗಳೂರು ಗಾಡಿಗಳು ನಿಂತವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದಡಿ ಇಳಿಜಾರು. ಆ ದಾರಿಗೆ ಮಳೆಗಾಲವೆಂದರೆ ಪ್ರತಿ ವರ್ಷದ ಪರೀಕ್ಷೆ. ಗಾಡಿ ನಿಂತ ಆ ದಿನಗಳಲ್ಲಿ ಸಕಲೇಶಪುರಕ್ಕೆ ಹೋಗಿ ನೋಡಿದೆ. ದಿನಾ ಬೆಳ್ಳಿಯ ಹಾಗೆ ಹೊಳೆಯುವ ಹಳಿಯ ನೆತ್ತಿ ಅರಿಶಿನ ಬಳಿದಂತೆ ತುಕ್ಕು ಹಿಡಿದಿತ್ತು. ಗಾಡಿ ಮತ್ತೆ ಓಡಿದ ದಿನ ಅದರ ನಡುವೆ ಒಂದು ಬೆಳ್ಳಿಗೆರೆ ಎದ್ದಿತು. ಅದೂ ರೈಲಿನದೇ ಚಿತ್ರ.

9. ತಾರೀಖು ಬರೆಯಿರಿ, ನೆಗೆಟಿವನ್ನು ಕೂಸಿನ ಹಾಗೆ ನೋಡಿಕೊಳ್ಳಿ

ಮೊದಲ ಆರು ವರ್ಷ ನಾನು ಬರೆಯಲಿಲ್ಲ. ಆ ಚಿತ್ರಗಳ ವರ್ಷವನ್ನು ಈಗ ಗೋಡೆಯ ಸಿನಿಮಾ ಪೋಸ್ಟರ್ ನೋಡಿ ಗುರುತಿಸಬೇಕಾಗಿದೆ. ಬಣ್ಣದ ಲ್ಯಾಬು ಊರಿಗೆ ಬಂದ ಹೊಸತರಲ್ಲಿ ತೊಳೆಯಲು ಕೊಟ್ಟ ಎರಡು ರೀಲು ಹಾಳಾಗಿ ಬಂದವು, ಅಂದಿನಿಂದ ಒಂದೇ ಸಲಕ್ಕೆ ಎಲ್ಲ ರೀಲನ್ನೂ ಒಂದೇ ಕಡೆ ಕೊಡುವುದಿಲ್ಲ. ಮಲೆನಾಡಿನ ಅಂಚಿನ ತೇವಕ್ಕೆ ನೆಗೆಟಿವಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ತಗಡಿನ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಬಿಸಿ ಮಾಡಿ ನೀಲಿಯಾದ ಮೇಲೆ ಮತ್ತೆ ಹಾಕುತ್ತೇನೆ.

10. ಪ್ರಿಂಟ್ ಕೊಟ್ಟುಬಿಡಿ

ಗೇಟ್‌ಮನ್‌ಗಳಿಗೆ ಒಂದೊಂದು ಪ್ರಿಂಟ್ ಕೊಡುತ್ತ ಬಂದೆ. ಕೈಯಲ್ಲಿ ಹಸಿರು ಬಾವುಟ ಹಿಡಿದು ನೆಟ್ಟಗೆ ನಿಂತ ಚಿತ್ರ. ಹನ್ನೆರಡು ಗಂಟೆ ಪಾಳಿ ಮಾಡಿ, ದಿನಕ್ಕೆ ಸಾವಿರಾರು ಜನರ ಬೈಗುಳ ಕೇಳುವ ಕೆಲಸ ಅದು. ಒಬ್ಬರು ನಿವೃತ್ತರಾಗಿ ಹೊಳೆನರಸೀಪುರದ ಹತ್ತಿರ ತಮ್ಮ ಹಳ್ಳಿಗೆ ಹೋದರು. ವರ್ಷಗಳಾದ ಮೇಲೆ ಅವರ ಮನೆಗೆ ಹೋದಾಗ, ಆ ಪ್ರಿಂಟು ದೇವರ ಪಟಗಳ ಸಾಲಿನಲ್ಲಿತ್ತು, ಕುಂಕುಮ ಮಾತ್ರ ಇಟ್ಟಿರಲಿಲ್ಲ.

11. ಎತ್ತರಕ್ಕೆ ಹೋದ ಮೇಲೆ

ನನ್ನೂರ ಕಡೆಗೂ ಹಳಿ ಬಂತು. ಹಾಸನ–ಶ್ರವಣಬೆಳಗೊಳದ ತುಂಡು ಮೊದಲು ಮುಗಿಯಿತು, ಕುಣಿಗಲ್ ಮೇಲೆ ಬೆಂಗಳೂರಿಗೆ ಪೂರ್ತಿ ಕೂಡಿದ್ದು 2017ರ ಮಾರ್ಚಿನಲ್ಲಿ. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಯಾತ್ರಿಕರು ಬೆಳಗೊಳದ ನಿಲ್ದಾಣದಲ್ಲೇ ಇಳಿದರು. ನಾನು ಅಲ್ಲಿ ನಿಂತು 1981ರ ಬಿಳಿ ಸೆರಗುಗಳನ್ನು ಹುಡುಕಿದೆ, ಸಿಕ್ಕವು. ಈಗ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್ ಎಂಬ ಹೆಸರಿನ ಗಾಡಿಯೇ ಆ ದಾರಿಯಲ್ಲಿ ಓಡುತ್ತದೆ. 2021ರ ಜುಲೈಯಿಂದ ಮಂಗಳೂರು ದಾರಿಯ ಹಗಲು ಗಾಡಿಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿದೆ.

ಹಾಸನದಲ್ಲಿ ಮೇಲ್ಸೇತುವೆ ಬಂದ ಮೇಲೆ ಜನ ಗೇಟಿನಲ್ಲಿ ನಿಲ್ಲುವುದು ಕಡಿಮೆಯಾಯಿತು. ಬೇಕಾಗಿತ್ತು, ಆಂಬುಲೆನ್ಸು ಗೇಟಿನ ಮುಂದೆ ಅರಚುತ್ತ ನಿಂತದ್ದನ್ನು ಕಣ್ಣಾರೆ ಕಂಡವನು ನಾನು. ಒಂದು ದಿನ ಸೇತುವೆಯ ಕಾಲುದಾರಿಯಲ್ಲಿ ನಿಂತು ಕೆಳಗೆ ನೋಡಿದೆ. ವಿಸ್ಟಾಡೋಮ್ ಬೋಗಿ ಹಾದುಹೋಯಿತು. ಗಾಜಿನ ಚಾವಣಿಯ ಕೆಳಗೆ ಅಜ್ಜಿಯೊಬ್ಬರು ಕತ್ತೆತ್ತಿ ಕೂತಿದ್ದರು. ನಾನು ಕ್ಯಾಮೆರಾ ಎತ್ತಿದ್ದು ಕಂಡಿತೇನೋ, ಕೈ ಬೀಸಿದರು.