ವಿಡಿಯೊದಿಂದ ಒಂದು ಸ್ಪಷ್ಟ ಚಿತ್ರ ತೆಗೆಯುವ ಕ್ರಮ

ಅಡಿಕೆ ಮರದ ತಲೆಯಲ್ಲಿ ಏನಾಗಿದೆ ಎಂಬುದು ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಹಿಂಗಾರ ಒಣಗಿದ್ದು ಕಂಡರೆ ರೋಗವೆಂದೇ ತಿಳಿದು ಔಷಧಿ ಹೊಡೆಸುವುದು ನಮ್ಮಲ್ಲಿ ವಾಡಿಕೆ. ಆದರೆ ಹಿಂಗಾರ ಕೆಡಲು ಕಾರಣ ಒಂದೇ ಅಲ್ಲ. ಶಿಲೀಂಧ್ರದಿಂದ ಬರುವ ಒಣಗು ರೋಗದಲ್ಲಿ ಕಡ್ಡಿಗಳು ತುದಿಯಿಂದ ಬುಡದತ್ತ ಹಳದಿಯಾಗಿ, ಬಳಿಕ ಕಂದಾಗಿ ಒಣಗುತ್ತವೆ. ಹಿಂಗಾರ ತಿನ್ನುವ ಹುಳುವಾದರೆ ಹೂಗಳನ್ನು ನೂಲಿನಿಂದ ಹೆಣೆದುಕೊಂಡು ಒಳಗೆ ಕುಳಿತು ತಿನ್ನುತ್ತದೆ. ಶಿಲೀಂಧ್ರನಾಶಕದಿಂದ ಹುಳು ಸಾಯುವುದಿಲ್ಲ. ಕಾರಣ ತಿಳಿಯದೆ ಹೊಡೆಸಿದರೆ ಔಷಧಿಯ ಹಣ, ಕೊನೆಗಾರರ ಕೂಲಿ ಎರಡೂ ನಷ್ಟ. ಅಷ್ಟರಲ್ಲಿ ಆ ವರ್ಷದ ಫಸಲೂ ಕೈಬಿಟ್ಟಿರುತ್ತದೆ.

ಮರದ ಮೇಲಿರುವ ಕೊನೆಗಾರರಿಗೆ ಗುರಿಯಿಟ್ಟು ಫೋಟೊ ತೆಗೆಯಲು ಅನುಕೂಲವಿಲ್ಲ. ವಿಡಿಯೊ ಚಾಲೂ ಮಾಡಿ ಹಿಂಗಾರದ ಕಡೆಗೆ ಹಿಡಿಯುವುದು ಸುಲಭ. ನಾವೂ ಹೀಗೆಯೇ ಮಾಡಿಸಿ, ವಿಡಿಯೊವನ್ನು ವಾಟ್ಸ್‌ಆ್ಯಪ್ ಮೂಲಕ ತರಿಸಿಕೊಂಡು ತಜ್ಞರೊಬ್ಬರಿಗೆ ಕಳುಹಿಸಿದ್ದೆವು. ಸ್ಪಷ್ಟವಾದ ಒಂದು ಚಿತ್ರ ಬೇಕೆಂದರು. ವಿಡಿಯೊ ನಿಲ್ಲಿಸಿ ಪರದೆಯ ಚಿತ್ರ ಹಿಡಿದು ಕಳುಹಿಸಿದರೆ ಎಲ್ಲವೂ ಮಂಜು ಮಂಜು. ಅನಂತರ ಕೊನೆಗಾರರ ಫೋನಿನಲ್ಲಿದ್ದ ಮೂಲ ವಿಡಿಯೊ ತಂದು ಕಂಪ್ಯೂಟರಿನಲ್ಲಿ ಚಿತ್ರ ತೆಗೆದಾಗ ಹೂಗಳ ನಡುವೆ ನೂಲಿನ ಬಲೆ ಕಾಣಿಸಿತು. ಒಂದು ಸುತ್ತಿನ ಔಷಧಿ ಉಳಿಯಿತು. ಅಂದು ನಾವು ಕಲಿತದ್ದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ.

ಮೊದಲ ಚಿತ್ರ ಮಂಜಾದದ್ದೇಕೆ?

ವಿಡಿಯೊ ಎಂದರೆ ಸಾಲಾಗಿ ಜೋಡಿಸಿದ ನಿಂತ ಚಿತ್ರಗಳು. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತವೆ. ಒಂದು ನಿಮಿಷದ ವಿಡಿಯೊದಲ್ಲಿ 1,800 ಚಿತ್ರಗಳಿರುತ್ತವೆ. ಇಂತಹ ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಕೈ ಅಲುಗಾಡಿದಾಗ ಹಿಡಿದ ಫ್ರೇಮ್ ಮಸುಕಾಗಿರುತ್ತದೆ. ಅದರ ಆಚೀಚೆಯ ಫ್ರೇಮ್ ಸ್ಪಷ್ಟವಾಗಿರಬಹುದು. ಅದನ್ನು ಹುಡುಕಿ ತೆಗೆಯುವುದೇ ನಮ್ಮ ಕೆಲಸ.

ಚಿತ್ರವು ಸಣ್ಣ ಚುಕ್ಕೆಗಳಿಂದಾಗಿದೆ. 1920×1080 ಅಳತೆಯ ವಿಡಿಯೊದ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ, ಫೋರ್-ಕೆ ಎಂದು ಕರೆಯುವ 3840×2160 ಅಳತೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಪರದೆಯ ಚಿತ್ರ ಹಿಡಿದರೆ ಪರದೆಯಲ್ಲಿರುವಷ್ಟು ಚುಕ್ಕೆಗಳು ಮಾತ್ರ ಸಿಗುತ್ತವೆ. 1366×768 ಅಳತೆಯ ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಹತ್ತೂವರೆ ಲಕ್ಷಕ್ಕೆ ಇಳಿಯುತ್ತದೆ. ಇದಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲು ರೀತಿ ಕಳುಹಿಸಿದ ವಿಡಿಯೊ ಕುಗ್ಗಿರುತ್ತದೆ. ಸಣ್ಣ ವಿವರಗಳು ಮೊದಲು ಅಳಿಸಿಹೋಗುತ್ತವೆ, ನಮಗೆ ಬೇಕಾದ ನೂಲಿನ ಎಳೆಯೂ ಅವುಗಳಲ್ಲೊಂದು.

ಚಿತ್ರ ತೆಗೆಯುವ ಕ್ರಮ

ಶಾಟ್‌ಕಟ್ ಎಂಬ ವಿಡಿಯೊ ಸಂಕಲನದ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಓದುವ ಮಕ್ಕಳ ಅಥವಾ ನೆರೆಯವರ ನೆರವು ಪಡೆಯಬಹುದು.

1. ಮೂಲ ವಿಡಿಯೊವನ್ನು ಫೋನಿನಿಂದ ತಂತಿಯ ಮೂಲಕ ಕಂಪ್ಯೂಟರಿಗೆ ಹಾಕಿಕೊಳ್ಳಿ. ದೂರದಿಂದ ತರಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿ. ಹಾಗೆ ಬಂದದ್ದು ಕುಗ್ಗುವುದಿಲ್ಲ.

2. ಶಾಟ್‌ಕಟ್‌ನ 'ಸೆಟ್ಟಿಂಗ್ಸ್' ಪಟ್ಟಿಯ 'ವಿಡಿಯೊ ಮೋಡ್'ನಲ್ಲಿ 'ಆಟೊಮ್ಯಾಟಿಕ್' ಇರಲಿ. ಆಗ ಮೊದಲು ತೆರೆದ ವಿಡಿಯೊದ ಅಳತೆಯನ್ನೇ ಅದು ಹಿಡಿದುಕೊಳ್ಳುತ್ತದೆ.

3. 'ಓಪನ್ ಫೈಲ್' ಒತ್ತಿ ವಿಡಿಯೊ ತೆರೆಯಿರಿ. ಬೇಕಾದ ಜಾಗ ಬಂದಾಗ ನಿಲ್ಲಿಸಿ.

4. ಎಡ, ಬಲ ಬಾಣದ ಕೀಲಿಗಳಿಂದ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸಿ ನೋಡಿ. ಅವಸರ ಬೇಡ. ಹತ್ತಿಪ್ಪತ್ತು ಫ್ರೇಮುಗಳಲ್ಲಿ ಒಂದಾದರೂ ಸ್ಪಷ್ಟವಾಗಿ ಸಿಗುವುದುಂಟು.

5. 'ಫೈಲ್' ಪಟ್ಟಿಯಲ್ಲಿ 'ಎಕ್ಸ್‌ಪೋರ್ಟ್', ಅದರೊಳಗೆ 'ಫ್ರೇಮ್' ಆರಿಸಿ. ಕಂಟ್ರೋಲ್, ಶಿಫ್ಟ್, ಇ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಆದೀತು.

6. ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿ. ಜೆಪಿಜಿಯಲ್ಲಿ ಫೈಲು ಚಿಕ್ಕದಾಗುತ್ತದೆ, ಆದರೆ ಉಳಿಸುವಾಗ ಸ್ವಲ್ಪ ವಿವರ ನಷ್ಟವಾಗುತ್ತದೆ. ಹೆಸರಿನಲ್ಲಿ ದಿನಾಂಕ, ತೋಟದ ಭಾಗ, ಮರದ ಗುರುತು ಇರಲಿ. ತಜ್ಞರಿಗೆ ಇದನ್ನೂ 'ಡಾಕ್ಯುಮೆಂಟ್' ಆಗಿಯೇ ಕಳುಹಿಸಿ.

ವಿಡಿಯೊ ಹಿಡಿಯುವಾಗ

ವಿಡಿಯೊದಲ್ಲಿ ಇಲ್ಲದ್ದನ್ನು ಯಾವ ತಂತ್ರಾಂಶವೂ ತಂದುಕೊಡಲಾರದು. ಆದ್ದರಿಂದ ಕೊನೆಗಾರರು ಮರ ಹತ್ತುವ ಮೊದಲೇ ಮೂರು ಮಾತು ಹೇಳಿ: ಪ್ರತಿ ಜಾಗದಲ್ಲೂ ಮೂರು ನಾಲ್ಕು ಸೆಕೆಂಡು ಫೋನನ್ನು ಅಲುಗಿಸದೆ ಹಿಡಿಯಬೇಕು, ಸೂರ್ಯ ಬೆನ್ನ ಹಿಂದಿರಬೇಕು, ಅಳತೆ ತಿಳಿಯಲು ಒಮ್ಮೆ ಹಿಂಗಾರದ ಪಕ್ಕ ಬೆರಳು ಇಟ್ಟು ತೋರಿಸಬೇಕು. ಹಿಡಿತ ಸಡಿಲವಾಗುವಂತಿದ್ದರೆ ವಿಡಿಯೊವೇ ಬೇಡ. ಚಿತ್ರಕ್ಕಿಂತ ಅವರ ಜೀವ ದೊಡ್ಡದು.

ಕಾಫಿ ಬೆಳೆಗಾರರಿಗೂ ಈ ಕ್ರಮ ಉಪಯೋಗವಾದೀತು. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ದುಂಬಿ ಬಿಸಿಲಿರುವ ದಿನಗಳಲ್ಲಿ ಕಾಂಡದ ಮೇಲೆ ಚುರುಕಾಗಿ ಓಡಾಡುತ್ತದೆ. ಫೋಟೊಗೆ ಸಿದ್ಧರಾಗುವಷ್ಟರಲ್ಲಿ ಹಾರಿಹೋಗಿರುತ್ತದೆ. ವಿಡಿಯೊ ಹಿಡಿದಿದ್ದರೆ ಕಪ್ಪು ಮೈಯ ಮೇಲಿನ ಬಿಳಿ ಪಟ್ಟೆಗಳು ಯಾವುದಾದರೊಂದು ಫ್ರೇಮಿನಲ್ಲಿ ಸಿಕ್ಕಾವು. ಗಿಡ ಕಿತ್ತು ಸುಡುವ ನಿರ್ಧಾರಕ್ಕೆ ಮುಂಚೆ ಕಾಂಡದ ಏಣುಗಳ ಚಿತ್ರವನ್ನೂ ತಿಳಿದವರಿಗೆ ತೋರಿಸುವುದು ಮೇಲು.

ಚಿತ್ರವೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ. ತಜ್ಞರು ಮಾದರಿ ಕೇಳಿದರೆ ಹಿಂಗಾರದ ತುಂಡನ್ನು ಕೊಂಡೊಯ್ಯಲೇಬೇಕು. ಆದರೆ ಔಷಧಿ ತರಲು ಪೇಟೆಗೆ ಹೊರಡುವ ಮುನ್ನ ಒಂದು ಸ್ಪಷ್ಟ ಚಿತ್ರ ತೆಗೆದು ತೋರಿಸುವ ರೂಢಿಯನ್ನು ಸದಸ್ಯರೆಲ್ಲರೂ ಬೆಳೆಸಿಕೊಳ್ಳಬೇಕೆಂದು ನಮ್ಮ ವಿನಂತಿ.